ಶೋಕೇಸಿನಲ್ಲಿ ವೈನ್ ಮಾಗುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವೈನ್ ಹಳತಾದಷ್ಟೂ ರುಚಿ ಎಂದು ಬರೆದಿದ್ದೀರಿ. ಆ ಮಾತನ್ನೇ ನಂಬಿ ಒಂದು ಬಾಟಲಿ ಹಾಳು ಮಾಡಿಕೊಂಡವನು ನಾನು. ಅದಕ್ಕೇ ಈ ಪತ್ರ.

ನನ್ನದು ಕುಮಟಾ ಕಡೆಯ ಊರು. ಗೋವಾದ ವಾಸ್ಕೋಗೆ ಬಂದು 34 ವರ್ಷವಾಯಿತು, ಹೆಚ್ಚುಕಮ್ಮಿ ಅಷ್ಟೂ ಕಾಲ ಸ್ಟೋರ್‌ಕೀಪರ್ ಕೆಲಸ. ಅಳಿಯ ಹಡಗಿನಲ್ಲಿ ಇಂಜಿನಿಯರ್. 2021ರಲ್ಲಿ ರಜೆಗೆ ಬರುವಾಗ ಸ್ಪೇನಿನ ಬಿಲ್ಬಾವೊದಿಂದ ಎರಡು ಬಾಟಲಿ ತಂದ. ಎರಡೂ ರಿಯೋಹಾ ಸೀಮೆಯ ಕೆಂಪು ವೈನ್, 2010ರ ಬೆಳೆಯ ಗ್ರಾನ್ ರೆಸೆರ್ವಾ (ಬಹುಕಾಲ ಮಾಗಿಸಿದ ದರ್ಜೆ), ಹೆಚ್ಚಿನ ಪಾಲು ತೆಂಪ್ರಾನಿಯೊ ದ್ರಾಕ್ಷಿ. ಹಿಂಬದಿಗೆ ಕಡುನೀಲಿ ಚೀಟಿ, ಅದರ ಮೇಲೆ ನಂಬರು. ಆ ಚೀಟಿ ಸಿಗಬೇಕಾದರೆ ಕನಿಷ್ಠ 5 ವರ್ಷ ಮಾಗಿಸಿರಬೇಕು, ಅದರಲ್ಲಿ 2 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಅಂದರೆ ಮಾಗಿಸುವ ಕೆಲಸವನ್ನು ಬಹುಪಾಲು ಅವರೇ ಮುಗಿಸಿ ಕಳಿಸುತ್ತಾರೆ. ಇದು ನನಗೆ ಆಗ ಹೊಳೆಯಲಿಲ್ಲ.

ಒಂದು ಬಾಟಲಿಯನ್ನು ನಡುಮನೆಯ ಶೋಕೇಸಿನಲ್ಲಿ, ಮಗನ ಕ್ರಿಕೆಟ್ ಕಪ್ಪಿನ ಪಕ್ಕ ನಿಲ್ಲಿಸಿದೆ. ಮೇಲೆ ಟ್ಯೂಬ್‌ಲೈಟ್, ಎದುರು ಪಡುವಣ ಕಿಟಕಿ. ಬಂದವರೆಲ್ಲ ನೋಡಲಿ ಎಂಬ ಆಸೆ, ಸುಳ್ಳೇಕೆ ಹೇಳಲಿ. ಇನ್ನೊಂದನ್ನು ಮಡಗಾಂವಿನ ಗೆಳೆಯರು ಒಯ್ದು ತಮ್ಮ ವೈನ್ ಫ್ರಿಜ್ಜಿನಲ್ಲಿ, 14 ಡಿಗ್ರಿಯಲ್ಲಿ, ಅಡ್ಡ ಮಲಗಿಸಿಟ್ಟರು.

2024ರ ಡಿಸೆಂಬರಿನಲ್ಲಿ ಎರಡನ್ನೂ ಒಟ್ಟಿಗೆ ಬಿಚ್ಚಿದೆವು. ನನ್ನ ಬಾಟಲಿಯ ಬಿರಡೆ ಒಣಗಿ ಪುಡಿಪುಡಿಯಾಗಿ ಒಳಗೆ ಬಿತ್ತು. ಸೋಸಿ ಕುಡಿದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ, ಹಿಂದೆಯೇ ಹುಳಿ. ಬಣ್ಣ ನಿಂತ ಚಹಾದ್ದು.

ಗೆಳೆಯರು ತಮ್ಮದನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದರು, ಗಸಿ ತಳಕ್ಕಿಳಿಯಲಿ ಎಂದು. ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನಿಧಾನ ಬಗ್ಗಿಸಿದರು, ಗಸಿ ಕಂಡಲ್ಲಿ ನಿಲ್ಲಿಸಿದರು. ನನ್ನಾಕೆ ತಳ ನೋಡಿ, "ಇದೆಂಥ ಮಾರಾಯ್ರೆ, ಬಣ್ಣ ಕಲಸಿದ್ದಾರೋ ಏನೋ" ಅಂದಳು. ಕಲಬೆರಕೆ ಅಲ್ಲ. ದ್ರಾಕ್ಷಿ ಸಿಪ್ಪೆಯ ಒಗರೂ ಬಣ್ಣವೂ ವರ್ಷಗಳಲ್ಲಿ ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗೆ ಕೂರುತ್ತವೆ. ಹಳೇ ವೈನ್ ತೆಳ್ಳಗಾಗುವುದೂ ನಾಲಿಗೆಗೆ ಮೆತ್ತಗಾಗುವುದೂ ಅದರಿಂದಲೇ.

ಗ್ಲಾಸಿನ ನಡುವೆ ಮುರುಗಲು ನೀರಿನ ಕೆಂಪು, ಅಂಚಿನಲ್ಲಿ ಹಳೇ ಹೆಂಚಿನ ಬಣ್ಣ. ಮೂಗಿಗೆ ಮೊದಲು ಬಂದದ್ದು, ನಗಬೇಡಿ, ಒಣಕೊಬ್ಬರಿ! ಅಮೆರಿಕದ ಓಕ್ ಮರದ ಪೀಪಾಯಿಯಿಂದ ಬರುವ ಪರಿಮಳವಂತೆ. ರಿಯೋಹಾದವರಿಗೆ ಆ ಮರ ಹಿಂದಿನಿಂದಲೂ ಅಚ್ಚುಮೆಚ್ಚು. ಆಮೇಲೆ ಒಣ ಅಂಜೂರ, ತಂಬಾಕಿನ ಎಲೆ, ಹೊಸ ಚಪ್ಪಲಿಯ ಚರ್ಮ. ಒಗರು ಇತ್ತು, ಆದರೆ ಬಾಯಿ ಹಿಡಿಯುವ ಎಳೆ ಅಡಿಕೆಯ ಒಗರಲ್ಲ. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಇನ್ನೂ ಚೆನ್ನಾಯಿತು, ಎರಡು ಗಂಟೆಯ ಹೊತ್ತಿಗೆ ಸಪ್ಪೆಯಾಗತೊಡಗಿತು. ಅಷ್ಟೇ ಅದರ ಆಯುಷ್ಯ.

ನಮ್ಮಮ್ಮ ಅಪ್ಪೆಮಿಡಿಯನ್ನು ವರ್ಷಗಟ್ಟಲೆ ಇಡುತ್ತಿದ್ದಳು. ಆದರೆ ಭರಣಿ ಇರುತ್ತಿದ್ದುದು ಬಾಯಿಗೆ ಬಟ್ಟೆ ಬಿಗಿದು ಉಗ್ರಾಣದ ಕತ್ತಲೆ ಮೂಲೆಯಲ್ಲಿ, ಜಗಲಿಯ ಬಿಸಿಲಲ್ಲಲ್ಲ. ಇಷ್ಟು ಗೊತ್ತಿದ್ದ ನಾನು, ಅದೂ ಸ್ಟೋರ್‌ಕೀಪರ್, ಸ್ಪೇನಿನ ಮಾಲೆಂದ ಕೂಡಲೇ ಮರೆತುಬಿಟ್ಟೆ.

ಮುಂದಿನ ಪುರವಣಿಯಲ್ಲಿ ಎರಡು ಸಾಲು ತಿದ್ದುಪಡಿ ಹಾಕಿ: ಬಹುಪಾಲು ವೈನ್ ಬೇಗ ಕುಡಿಯಲಿಕ್ಕೇ ಮಾಡಿದ್ದು, ಇಡುವಂಥದ್ದಾದರೆ ತಂಪು, ಕತ್ತಲೆ, ಬಿರಡೆ ಒದ್ದೆಯಾಗಿರುವಂತೆ ಅಡ್ಡ. ಗೋವಾದ ಸೆಕೆಯಲ್ಲಿ ವೈನ್ ಫ್ರಿಜ್ಜಿಲ್ಲದವರಿಗೆ ಮಾಮೂಲಿ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಾದರೂ ಶೋಕೇಸಿಗಿಂತ ಮೇಲು. ನನ್ನ ಬಾಟಲಿಯಲ್ಲಿ ಉಳಿದದ್ದನ್ನು ಪಕ್ಕದ ಮನೆಯವರು ಮಾಂಸ ನೆನೆಸಲಿಕ್ಕೆ ಒಯ್ದರು. ಕಪ್ಪಿನ ಪಕ್ಕ ಈಗ ಖಾಲಿ ಬಾಟಲಿ ನಿಂತಿದೆ.

— ನಿವೃತ್ತ ಸ್ಟೋರ್‌ಕೀಪರ್, ವಾಸ್ಕೋ, ಗೋವಾ