ಸಂಕ್ರಾಂತಿ ಸಂಜೆ: ಪುಟ್ಟ ಮಕ್ಕಳಿಗೆ ಎಲಚಿಹಣ್ಣು ಎರೆಯೋಣ

ಎಲ್ಲರಿಗೂ ನಮಸ್ಕಾರ. ಹಬ್ಬದ ದಿನ ಸಂಜೆ 5ಕ್ಕೆ ಅಜ್ಜಿ ಮನೆಯಲ್ಲಿ ಸೇರೋಣ. ಕತ್ತಲಾಗುವ ಮೊದಲೇ ಆರತಿ ಮುಗಿದರೆ ಮಕ್ಕಳಿಗೆ ನಿದ್ದೆ ಕೆಡುವುದಿಲ್ಲ.

ಎಲಚಿಹಣ್ಣು, ಕಬ್ಬಿನ ಚೂರು, ಎಳ್ಳು-ಬೆಲ್ಲ, ಚಿಲ್ಲರೆ ಕಾಸು ಎಲ್ಲಾ ಬೆರೆಸಿ ತಲೆ ಮೇಲಿಂದ ಎರೆಯುವಾಗ ದೊಡ್ಡ ಮಕ್ಕಳು ಆಯ್ದುಕೊಳ್ಳಲು ನುಗ್ಗುತ್ತಾರೆ. ಅದೇ ಹಬ್ಬದ ಸೊಗಸು. ಆದರೆ ತೆವಳುವ ಕೂಸುಗಳ ಕೈಗೆ ಸಿಕ್ಕಿದ್ದೆಲ್ಲ ನೇರ ಬಾಯಿಗೆ ಹೋಗುತ್ತದೆ, ಅಲ್ವಾ? ಕಾಸು, ಎಲಚಿ ಬೀಜ, ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಕೆಳಗೆ ಹಳೇ ಸೀರೆ ಹಾಸೋಣ, ಎರೆದ ಕೂಡಲೇ ಸುತ್ತಿ ಎತ್ತಿಬಿಡೋಣ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ, ಹುರಿಗಡಲೆ ಕೊಡಬೇಡಿ. ಅವರಿಗೆ ಎಳ್ಳು-ಬೆಲ್ಲವನ್ನು ನುಣ್ಣಗೆ ಪುಡಿ ಮಾಡಿ ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ವರ್ಷ ತುಂಬದ ಕೂಸಿಗೆ ಬೆಲ್ಲವೂ ಬೇಡ.

ಮಗು ಅತ್ತರೆ ಫೋಟೋಗಾಗಿ ಹಿಡಿದು ಕೂರಿಸಬೇಡಿ. ಅಮ್ಮನ ಮಡಿಲಲ್ಲೇ ಕೂರಲಿ, ಎರಡು ಹಣ್ಣು ಎರೆದರೂ ಶಾಸ್ತ್ರ ಆಗುತ್ತದೆ. ರೇಷ್ಮೆ ಲಂಗ ಚುಚ್ಚಿದರೆ ಹತ್ತಿ ಬಟ್ಟೆ ಹಾಕಿ.

ಚಿಕ್ಕಮ್ಮ, ಸಕ್ಕರೆ ಅಚ್ಚು ನಿಮ್ಮದೇ ಆಗಬೇಕು. ಕಬ್ಬು ನಾನು ತರುತ್ತೇನೆ. ಎಷ್ಟು ಮಕ್ಕಳು ಬರುತ್ತಾರೆ ಅಂತ ನಾಳೆಯೊಳಗೆ ಇಲ್ಲೇ ತಿಳಿಸಿ.