ಹಿಮ್ಮೇಳದ ಹಿಂದಿನ ದುಡಿಮೆಗೂ ಜನ ಬೇಕು

ಮಾನ್ಯ ಸಂಪಾದಕರೇ,

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಆಸುಪಾಸಿನಲ್ಲಿ ಹಿಮ್ಮೇಳದ ವಾದ್ಯಗಳಾದ ಚೆಂಡೆ, ಮದ್ದಳೆ ಕಲಿಯಲು ಬರುವ ಮಕ್ಕಳಿದ್ದಾರೆ. ಆದರೆ ಹವ್ಯಾಸಿ ಯಕ್ಷಗಾನ ಸಂಘಗಳ ಆಡಳಿತ ಸಮಿತಿಯಲ್ಲಿ ಸಂಭಾವನೆಯಿಲ್ಲದೆ ದುಡಿಯಲು ಮುಂದೆ ಬರುವವರು ವಿರಳವಾಗುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಮದ್ದಳೆಯ ಚರ್ಮದ ಮುಚ್ಚಿಗೆ ಹರಿದಾಗ ಖಾತೆಯಲ್ಲಿ ಹಣವಿತ್ತು, ಚೆಕ್ಕಿಗೆ ಸಹಿ ಹಾಕಬೇಕಾದ ಕಾರ್ಯದರ್ಶಿಯ ಸ್ಥಾನ ಮಾತ್ರ ಖಾಲಿಯಿತ್ತು. ಎರಡು ತಿಂಗಳು ಮಕ್ಕಳು ಬೆಂಚು ಬಡಿದು ತಾಳ ಕಲಿತರು. 1860ರ ಸಂಘಗಳ ನೋಂದಣಿ ಕಾಯ್ದೆಯಂತೆ ಆಡಳಿತ ಸಮಿತಿಯ ಸದಸ್ಯರ ಪಟ್ಟಿಯನ್ನು ಪ್ರತಿವರ್ಷ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಜೊತೆಗೆ ಲೆಕ್ಕಪತ್ರವನ್ನೂ ಸರಿಯಾಗಿಡಬೇಕು. ಇದು ಯಕ್ಷಗಾನದ ಹಾಡುಗಾರಿಕೆಯಾದ ಭಾಗವತಿಕೆಯಷ್ಟೇ ಶ್ರದ್ಧೆ ಬೇಡುವ ಕೆಲಸವೆಂದು ನಾನು ನಂಬಿದ್ದೇನೆ. ಆದುದರಿಂದ ನಿವೃತ್ತ ಅಧ್ಯಾಪಕರೂ ಬ್ಯಾಂಕ್ ನೌಕರರೂ, ಮುಖ್ಯವಾಗಿ ಕನ್ನಡ ಮಲಯಾಳ ಎರಡನ್ನೂ ಬಲ್ಲ ಯುವಕ ಯುವತಿಯರೂ, ತಮ್ಮೂರಿನ ಸಂಘದ ಮುಂದಿನ ಮಹಾಸಭೆಗೆ ಬಂದು ಸಮಿತಿಯ ಹೊಣೆ ಹೊರಬೇಕೆಂದು ವಿನಂತಿಸುತ್ತೇನೆ.

– ಹವ್ಯಾಸಿ ಸಂಘವೊಂದರ ಕೋಶಾಧಿಕಾರಿ, ಕಾಸರಗೋಡು