ಕೇಳದೆ ಫೋಟೊ ಇಡಬೇಡ

ಚಿ|| ಅನಘಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಅಮೆರಿಕದ ಕಾಲೇಜುಗಳಿಗೆ ಹಾಕುವ ಅರ್ಜಿಯ ಜೊತೆ ನಿನ್ನದೊಂದು ಒಳ್ಳೆಯ ಫೋಟೊ ಇಡಲೇ ಅಂತ ಕೇಳಿದ್ದೀಯ. ಬೇಡ ಕಣೇ. ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಆನ್‌ಲೈನ್ ವ್ಯವಸ್ಥೆ ಕಾಮನ್ ಆ್ಯಪ್‌ನಲ್ಲಿ ಫೋಟೊಗೆ ಜಾಗವೇ ಇಲ್ಲ. ಜಾಗ ಇಲ್ಲದ ಕಡೆ ದಾರಿ ಹುಡುಕಿ ತೂರಿಸಿದರೆ, ಸೂಚನೆ ಓದದ ಹುಡುಗಿ ಅಂತ ಅನ್ನಿಸಿಕೊಳ್ಳುತ್ತೀಯ ಅಷ್ಟೆ.

ನಮ್ಮ ಸಿಇಟಿ, ನೀಟ್ ಅರ್ಜಿಗಳು ಫೋಟೊ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ, ನಿನ್ನ ಗೊಂದಲ ಅಲ್ಲಿಂದಲೇ ಬಂದದ್ದು. ಅಲ್ಲಿ ಫೋಟೊ ಕೇಳುವುದು ಪರೀಕ್ಷೆಗೆ ಕೂತವಳು ನೀನೇ ಹೌದೋ ಅಲ್ಲವೋ ನೋಡಲಿಕ್ಕೆ. ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಅಮೆರಿಕದಲ್ಲಿ ಅರ್ಜಿಯನ್ನು ಜನ ಕೂತು ಓದಿ, ಬೇಕು ಬೇಡ ಅಂತ ತೀರ್ಮಾನಿಸುತ್ತಾರೆ. ಅಂಥ ಕಡೆ ಮುಖ ತೋರಿಸಿದರೆ ಏನಾಗುತ್ತದೆ ಅನ್ನುವುದನ್ನು ಅವರು ಒಮ್ಮೆ ನೋಡಿದ್ದಾರೆ. 1920ರ ದಶಕದ ಆರಂಭದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಯಹೂದಿ ವಿದ್ಯಾರ್ಥಿಗಳು ಐದರಲ್ಲೊಂದು ಪಾಲಿಗಿಂತ ಹೆಚ್ಚಾದರು. ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಲಾರೆನ್ಸ್ ಲೋವೆಲ್‌ಗೆ ಅದು ಹಿಡಿಸಲಿಲ್ಲ. ಹುಟ್ಟಿದ ಮೇಲೆ ನಿನ್ನ ಅಥವಾ ನಿನ್ನ ತಂದೆಯ ಹೆಸರು ಬದಲಾಗಿದೆಯೇ ಎಂಬ ಪ್ರಶ್ನೆ ಅರ್ಜಿಯೊಳಗೆ ಬಂತು. 1926ರಲ್ಲಿ ಫೋಟೊ ಕೂಡ ಬೇಕೆಂದರು. ಯಾರನ್ನು ಹೊರಗಿಡಬೇಕು ಅಂತ ಗುರುತಿಸಲಿಕ್ಕೇ ಆ ಫೋಟೊ. ಈಗ 2023ರ ಜೂನ್ 29ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವಂತೆಯೇ ಇಲ್ಲ. ಅರ್ಜಿಯಲ್ಲಿ ಜನಾಂಗದ ಬಗ್ಗೆ ಬರೆದ ಉತ್ತರವನ್ನು ಓದುಗರಿಗೆ ಕಾಣದಂತೆ ಮರೆಮಾಡುವ ಸೌಲಭ್ಯವನ್ನು ಕಾಮನ್ ಆ್ಯಪ್ ಕಾಲೇಜುಗಳಿಗೆ ಕೊಟ್ಟಿದೆ. ಅವರೇ ನೋಡಲು ಹಿಂಜರಿಯುವುದನ್ನು ನೀನಾಗಿ ಮುಂದೆ ಹಿಡಿಯುವುದು ಯಾಕೆ? ಹಾಗಂತ ಮುಖ ಮರೆಸಿದರೆ ಏನೋ ಲಾಭ ಅಂತಲೂ ತಿಳಿಯಬೇಡ. ಹೆಸರು, ಊರು, ಶಾಲೆ ನೋಡಿದವರಿಗೆ ಮಿಕ್ಕದ್ದು ತಾನೇ ಗೊತ್ತಾಗುತ್ತದೆ.

ಫೋಟೊ ಕಳ್ಳದಾರಿಯಲ್ಲಿ ಒಳಗೆ ಹೋಗುವುದು ರೆಸ್ಯೂಮೆ ಜೊತೆ. ಕೆಲವು ಕಾಲೇಜುಗಳು ತಮ್ಮ ಪ್ರಶ್ನೆಗಳ ಪುಟದಲ್ಲಿ ರೆಸ್ಯೂಮೆ ಅಪ್‌ಲೋಡ್ ಮಾಡಲು ಬಿಡುತ್ತವೆ. ನಮ್ಮ ಮಕ್ಕಳು ಸೈಬರ್ ಸೆಂಟರಿನಲ್ಲಿ ಮಾಡಿಸಿದ ಬಯೋಡೇಟಾವನ್ನೇ ಅಲ್ಲಿ ಹಾಕಿಬಿಡುತ್ತಾರೆ: ಬಲಗಡೆ ಮೇಲೆ ಫೋಟೊ, ಕೆಳಗೆ ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಜಾತಿ, ವೈವಾಹಿಕ ಸ್ಥಿತಿ, ಕೊನೆಯಲ್ಲಿ 'ಮೇಲ್ಕಂಡ ಮಾಹಿತಿ ಸತ್ಯವೆಂದು ದೃಢೀಕರಿಸುತ್ತೇನೆ' ಅಂತ ಸಹಿ. ಅಷ್ಟನ್ನೂ ತೆಗೆ. ಹೆಸರು, ಇಮೇಲ್, ಫೋನ್, ಓದು, ಕೆಲಸ, ಬಹುಮಾನ, ಇಷ್ಟು ಒಂದು ಪುಟದಲ್ಲಿ ಸಾಕು. ವರ್ಡ್‌ನಲ್ಲಿ ಫೋಟೊ ಅಳಿಸಿದರೂ ಅದನ್ನು ಕೂರಿಸಿದ್ದ ಟೇಬಲ್ಲಿನ ಖಾಲಿ ಚೌಕ ಉಳಿದು, ಹೆಸರು ಎಡಕ್ಕೆ ಒತ್ತಿಕೊಂಡೇ ಇರುತ್ತದೆ. ಆ ಚೌಕವನ್ನೂ ಅಳಿಸು. ಫೋಟೊ ಕ್ಲಿಕ್ಕಿಗೇ ಸಿಗದಿದ್ದರೆ ಅದು ಹೆಡರ್‌ನಲ್ಲಿರುತ್ತದೆ, ಪುಟದ ಮೇಲಂಚಿನಲ್ಲಿ ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಆಮೇಲೆ ವರ್ಡ್‌ನಿಂದಲೇ ಪಿಡಿಎಫ್ ಮಾಡು. ಪ್ರಿಂಟ್ ತೆಗೆದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಷರ ಮಸುಕಾಗುತ್ತದೆ, ಕೆಲವು ಆ್ಯಪ್‌ಗಳು ಮೂಲೆಯಲ್ಲಿ ತಮ್ಮ ಹೆಸರನ್ನೂ ಒತ್ತುತ್ತವೆ.

ಕಾಲೇಜಿನವರು ಕೊಟ್ಟ ವ್ಯಾಸಂಗ ಪ್ರಮಾಣಪತ್ರದ ಮೇಲೆ ಫೋಟೊ ಅಂಟಿಸಿ ಸೀಲು ಹಾಕಿದ್ದರೆ ಅದನ್ನು ಮುಟ್ಟಬೇಡ. ದಾಖಲೆ ಇದ್ದ ಹಾಗೇ ಹೋಗಬೇಕು, ತಿದ್ದಿದಂತೆ ಕಂಡರೆ ಅನುಮಾನಕ್ಕೆ ದಾರಿ.

ರಾಜ್ಯಮಟ್ಟದ ವಿಜ್ಞಾನ ಸ್ಪರ್ಧೆಯಲ್ಲಿ ನಿನಗೆ ಶಾಲು ಹೊದಿಸಿದ ಫೋಟೊನಾದರೂ ಕಳಿಸೋಣ ಅಂತ ನಿಮ್ಮಪ್ಪ ಹಟ ಹಿಡಿದಿದ್ದಾನಂತೆ. ಆ ಫೋಟೊದಲ್ಲಿ ಶಾಲು, ಹಾರ, ವೇದಿಕೆ ತುಂಬ ಗಣ್ಯರು. ನೀನು ಮಾಡಿದ್ದೇನು ಅನ್ನುವುದೊಂದೇ ಕಾಣುವುದಿಲ್ಲ. ಕಾಮನ್ ಆ್ಯಪ್‌ನ ಬಹುಮಾನಗಳ ಪಟ್ಟಿಯಲ್ಲಿ ಐದು ಸಾಲು ಕೊಡುತ್ತಾರೆ, ಸಾಲಿಗೆ 100 ಅಕ್ಷರ. ಯಾವ ಮಟ್ಟ, ಎಷ್ಟನೇ ಸ್ಥಾನ, ಎಷ್ಟು ತಂಡಗಳಲ್ಲಿ ಅಂತ ಅಲ್ಲಿ ಬರಿ. ಚಟುವಟಿಕೆಗಳ ಭಾಗದಲ್ಲಿ ವಿವರಣೆಗೆ 150 ಅಕ್ಷರ. ಕೆರೆ ನೀರು ಪರೀಕ್ಷೆ ಮಾಡಿದ್ದೆಯಲ್ಲ, ಎಷ್ಟು ಕೆರೆ, ಏನೇನು ಅಳೆದೆ, ವರದಿ ಯಾರ ಕೈ ಸೇರಿತು, ಇಷ್ಟನ್ನು ಅದರಲ್ಲಿ ಹಿಡಿಸು.

ಕಾಲೇಜು ತಾನಾಗಿ ಕೇಳಿದರೆ ಮಾತು ಬೇರೆ. ನಟನೆಯ ಬಿಎಫ್‌ಎ ಪದವಿ ಕೋರ್ಸುಗಳು ಆಡಿಷನ್ನಿಗೆ ಹೆಡ್‌ಶಾಟ್, ಅಂದರೆ ಮುಖದ ಫೋಟೊ, ಕೇಳುವುದು ವಾಡಿಕೆ. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಂಥ ಕಡೆ ನೀನು ಕೈಯಾರೆ ಮಾಡಿದ ಉಪಕರಣಗಳ ಚಿತ್ರ ಕಳಿಸಬಹುದು. ಅಲ್ಲಿಯೂ ನಿನ್ನ ಮುಖಕ್ಕಿಂತ ಬೆಸುಗೆ ಹಾಕಿದ ಸರ್ಕ್ಯೂಟ್ ಸ್ಪಷ್ಟವಾಗಿ ಕಾಣಬೇಕು.

ಒಳ್ಳೆಯ ಫೋಟೊ ಬೇಕಾಗುವುದು ಸೀಟು ಸಿಕ್ಕ ಮೇಲೆ, ವೀಸಾಗೆ. ಸ್ಟುಡಿಯೋದಲ್ಲಿ ಬರೀ 'ಪಾಸ್‌ಪೋರ್ಟ್ ಸೈಜು' ಅಂದರೆ 35ಕ್ಕೆ 45 ಮಿ.ಮೀ. ತೆಗೆದುಕೊಡುತ್ತಾರೆ, ಅದು ನಡೆಯುವುದಿಲ್ಲ. ಅಮೆರಿಕ ವೀಸಾಗೆ 2 ಇಂಚಿನ ಚೌಕ, ಬಿಳಿ ಹಿನ್ನೆಲೆ, ಗಲ್ಲದಿಂದ ನೆತ್ತಿಗೆ 1ರಿಂದ 1⅜ ಇಂಚು. ಆರು ತಿಂಗಳೊಳಗೆ ತೆಗೆಸಿದ್ದಾಗಿರಬೇಕು. ಕನ್ನಡಕ ತೆಗೆ, 2016ರ ನವೆಂಬರಿನಿಂದ ಅದಕ್ಕೆ ಅವಕಾಶವಿಲ್ಲ. ಆನ್‌ಲೈನ್ ವೀಸಾ ಅರ್ಜಿ ಡಿಎಸ್-160ಕ್ಕೆ ಹಾಕುವ ಜೆಪೆಗ್ 600ರಿಂದ 1200 ಪಿಕ್ಸೆಲ್ ಚೌಕ, 240 ಕೆಬಿ ಒಳಗೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು. ಮುಖ ಬೆಳ್ಳಗೆ ಮಾಡುವ, ಮಚ್ಚೆ ಅಳಿಸುವ ಉತ್ಸಾಹ ಸ್ಟುಡಿಯೋದವರಿಗೆ ಬಹಳ. ಮೊದಲೇ ಬೇಡ ಅನ್ನು, ತಿದ್ದಿದ ಫೋಟೊ ತಿರಸ್ಕಾರವಾಗುತ್ತದೆ.

ಅರ್ಜಿ ಸಲ್ಲಿಸುವ ಮೊದಲು ಕಾಮನ್ ಆ್ಯಪ್ ಪೂರ್ತಿ ಪಿಡಿಎಫ್ ತೋರಿಸುತ್ತದೆ. ಅದನ್ನೂ ರೆಸ್ಯೂಮೆಯನ್ನೂ ಈ ಭಾನುವಾರದೊಳಗೆ ನನಗೆ ಕಳಿಸು. ಆ ಶಾಲಿನ ಫೋಟೊಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಲಿ ಅಂತ ನಿಮ್ಮಪ್ಪನಿಗೆ ಹೇಳು.

ಇತಿ,
ನಿನ್ನ ಸೋದರತ್ತೆ